ಸೀ ಅನಿಮೋನ್ ಸಾಕುವ ಮುನ್ನ ನೀರನ್ನು ಸಾಕಬೇಕು

1828ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ಎಂಬ ಊರಿನ ಕಡಲ ದಡದಲ್ಲಿ ಸರ್ ಜಾನ್ ಡಾಲಿಯಲ್ ಎಂಬ ವಿಜ್ಞಾನಿ ಬಂಡೆಗೆ ಅಂಟಿಕೊಂಡಿದ್ದ ಒಂದು ಸೀ ಅನಿಮೋನನ್ನು ತೆಗೆದು, ಮನೆಗೆ ತಂದು ಗಾಜಿನ ಜಾಡಿಯಲ್ಲಿ ಇಟ್ಟರು. 1851ರಲ್ಲಿ ಡಾಲಿಯಲ್ ತೀರಿಕೊಂಡರು. ಅನಿಮೋನ್ ಸಾಯಲಿಲ್ಲ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ, ಎಡಿನ್‌ಬರೋ ನಗರದಲ್ಲಿ 1887ರವರೆಗೆ ಬದುಕಿತು. ಅಂದರೆ ಜಾಡಿಯೊಳಗೇ 59 ವರ್ಷ! ಅಷ್ಟರಲ್ಲಿ ಅದು ನೂರಾರು ಮರಿಗಳನ್ನು ಹಾಕಿತ್ತು. ಜನರು ಅದಕ್ಕೆ 'ಗ್ರ್ಯಾನಿ', ಅಂದರೆ ಅಜ್ಜಿ ಎಂದು ಹೆಸರಿಟ್ಟಿದ್ದರು. ಅದು ಸತ್ತಾಗ ಪತ್ರಿಕೆಯಲ್ಲಿ ಸುದ್ದಿಯೂ ಬಂತು.

ಆ ಕಾಲದಲ್ಲಿ ಕರೆಂಟ್ ಪಂಪ್ ಇರಲಿಲ್ಲ, ಫಿಲ್ಟರ್ ಇರಲಿಲ್ಲ, ಎಲ್‌ಇಡಿ ದೀಪ ಇರಲಿಲ್ಲ. ಹಾಗಾದರೆ ಅಜ್ಜಿ ಬದುಕಿದ್ದು ಹೇಗೆ? ಉತ್ತರ ಸರಳ. ಅದನ್ನು ಸಾಕಿದವರು ಕಡಲಿನಿಂದ ನೀರು ತರಿಸಿ ಜಾಡಿಯ ನೀರನ್ನು ತಪ್ಪದೆ ಬದಲಿಸುತ್ತಿದ್ದರು. ಇವತ್ತು ಎಲ್ಲ ಯಂತ್ರಗಳೂ ಸಿಗುತ್ತವೆ. ಆದರೂ ಮನೆಯ ಅಕ್ವೇರಿಯಂಗೆ ತಂದ ಅನೇಕ ಅನಿಮೋನ್‌ಗಳು ಕೆಲವೇ ತಿಂಗಳಲ್ಲಿ ಸಾಯುತ್ತವೆ. ಕಾರಣ, ನಾವು ಮೊದಲು ಪ್ರಾಣಿಯನ್ನು ಕೊಳ್ಳುತ್ತೇವೆ, ಆಮೇಲೆ ನೀರಿನ ಬಗ್ಗೆ ಯೋಚಿಸುತ್ತೇವೆ. ಈ ಪಾಠದಲ್ಲಿ ಆ ಕ್ರಮವನ್ನು ತಿರುಗಿಸಿ ನೋಡೋಣ.

ಸೀ ಅನಿಮೋನ್ ಎಂದರೇನು?

ಕನ್ನಡದಲ್ಲಿ ಇದನ್ನು 'ಕಡಲ ಹೂ' ಎಂದೂ ಕರೆಯುತ್ತಾರೆ. ಆದರೆ ಇದು ಹೂವಲ್ಲ, ಗಿಡವೂ ಅಲ್ಲ. ಇದು ಹವಳ ಮತ್ತು ಜೆಲ್ಲಿ ಮೀನುಗಳ ಬಳಗಕ್ಕೆ ಸೇರಿದ ಪ್ರಾಣಿ. ಜಗತ್ತಿನ ಕಡಲುಗಳಲ್ಲಿ ಇದರ ಸಾವಿರಕ್ಕೂ ಹೆಚ್ಚು ಜಾತಿಗಳಿವೆ.

ಇದರ ದೇಹವನ್ನು ಮೂರು ಭಾಗಗಳಾಗಿ ತಿಳಿಯಬಹುದು. ಕೆಳಗೆ ಪಾದ. ಇದರಿಂದ ಅದು ಬಂಡೆಗೆ ಅಂಟಿಕೊಳ್ಳುತ್ತದೆ, ಬೇಕೆನಿಸಿದರೆ ನಿಧಾನವಾಗಿ ಜಾರಿಕೊಂಡು ಬೇರೆ ಕಡೆ ಹೋಗುತ್ತದೆ. ನಡುವೆ ಚೀಲದಂಥ ದೇಹ. ಮೇಲೆ ಬಾಯಿ, ಬಾಯಿಯ ಸುತ್ತ ಬೆರಳುಗಳಂಥ ಎಳೆಗಳು. ಈ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಟುಕು ಕಣಗಳಿವೆ. ಏನಾದರೂ ತಾಗಿದರೆ ಸಾಕು, ಅವು ವಿಷದ ದಾರವನ್ನು ಚಿಮ್ಮಿಸುತ್ತವೆ. ತಿನ್ನುವುದಕ್ಕೂ ಕಸ ಹೊರಹಾಕುವುದಕ್ಕೂ ಇರುವುದು ಅದೊಂದೇ ಬಾಯಿ. ಅದಕ್ಕೆ ಮಿದುಳಿಲ್ಲ, ನರಗಳ ಒಂದು ಜಾಲ ಮಾತ್ರ ಇದೆ. ಕಿವಿರಿಲ್ಲ, ಶ್ವಾಸಕೋಶವಿಲ್ಲ. ನೀರಿನಲ್ಲಿ ಇರುವುದೆಲ್ಲ ನೇರವಾಗಿ ಅದರ ಮೈಗೆ ತಾಗುತ್ತದೆ. ನೀರು ಕೆಟ್ಟರೆ ತಪ್ಪಿಸಿಕೊಳ್ಳಲು ಅದಕ್ಕೆ ಬೇರೆ ದಾರಿಯೇ ಇಲ್ಲ. ಇದನ್ನು ನೆನಪಿಟ್ಟರೆ ಮುಂದಿನ ಪಾಠವೆಲ್ಲ ಸುಲಭ.

ಮನೆಯಲ್ಲಿ ಸಾಕುವ ಅನಿಮೋನ್‌ಗಳು ಹೆಚ್ಚಾಗಿ ಬಿಸಿ ಪ್ರದೇಶದ ಕಡಲಿನವು. ಅವುಗಳ ಮೈಯೊಳಗೆ ತುಂಬ ಸಣ್ಣ ಪಾಚಿಗಳು ವಾಸಿಸುತ್ತವೆ. ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ ಅನಿಮೋನ್‌ಗೂ ಕೊಡುತ್ತವೆ. ಅನಿಮೋನಿನ ಕಂದು ಬಣ್ಣ ಬಹುಪಾಲು ಈ ಪಾಚಿಗಳದ್ದು. ನೀರು ತುಂಬ ಬಿಸಿಯಾದರೆ ಅಥವಾ ಬೆಳಕು ಕಡಿಮೆಯಾದರೆ ಪಾಚಿಗಳು ಹೊರಟುಹೋಗಿ ಅನಿಮೋನ್ ಬೆಳ್ಳಗಾಗುತ್ತದೆ. ಇದನ್ನು ಬ್ಲೀಚಿಂಗ್ ಎನ್ನುತ್ತಾರೆ. ಸ್ಕಾಟ್ಲೆಂಡಿನ ಅಜ್ಜಿ ತಣ್ಣನೆಯ ದಡದ ಬೇರೆ ಜಾತಿ. ಅದಕ್ಕೆ ಪಾಚಿಯ ಹಂಗಿರಲಿಲ್ಲ, ಆದ್ದರಿಂದ ವಿಶೇಷ ದೀಪವೂ ಬೇಕಾಗಿರಲಿಲ್ಲ. ನಾವು ಕೊಳ್ಳುವ ಜಾತಿಗಳಿಗೆ ಬೆಳಕು ಬೇಕೇ ಬೇಕು.

ಮೀನು ಮತ್ತು ಅನಿಮೋನ್: ಒಂದು ಪಾಲುದಾರಿಕೆ

2003ರ 'ಫೈಂಡಿಂಗ್ ನೀಮೋ' ಸಿನಿಮಾ ನೋಡಿದವರಿಗೆ ಕಿತ್ತಳೆ ಬಣ್ಣದ ಕ್ಲೌನ್ ಮೀನು ಗೊತ್ತು. ಕ್ಲೌನ್ ಮೀನುಗಳಲ್ಲಿ ಸುಮಾರು 30 ಜಾತಿಗಳಿವೆ. ಅವುಗಳಿಗೆ ಮನೆ ಕೊಡುವ ಅನಿಮೋನ್ ಜಾತಿಗಳು 10 ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಮೀನಿನ ಮೈಮೇಲಿನ ಲೋಳೆ ಅದನ್ನು ಕುಟುಕಿನಿಂದ ಕಾಪಾಡುತ್ತದೆ.

ಸೈನ್ಸ್ ವಿಭಾಗದ ಗೆಳೆಯರು ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಈ ಜೋಡಿಯನ್ನು ಓದಿರುತ್ತಾರೆ. ಮೀನಿಗೆ ಲಾಭ, ಅನಿಮೋನ್‌ಗೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂಬ ಸಂಬಂಧಕ್ಕೆ ಅಲ್ಲಿ ಇದು ಉದಾಹರಣೆ. ಆದರೆ ಕಡಲಿನಲ್ಲಿ ನಡೆದ ಅಧ್ಯಯನಗಳಿಂದ ಅನಿಮೋನ್‌ಗೂ ಲಾಭವಿದೆ ಎಂದು ತಿಳಿದುಬಂದಿದೆ. ಅನಿಮೋನನ್ನು ತಿನ್ನಲು ಬರುವ ಚಿಟ್ಟೆ ಮೀನುಗಳನ್ನು ಕ್ಲೌನ್ ಮೀನು ಓಡಿಸುತ್ತದೆ. ಅದರ ಮಲಮೂತ್ರದ ಅಮೋನಿಯಾ ಅನಿಮೋನಿನೊಳಗಿನ ಪಾಚಿಗಳಿಗೆ ಗೊಬ್ಬರವಾಗುತ್ತದೆ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಇಬ್ಬರಿಗೂ ಲಾಭದಲ್ಲಿ ಪಾಲು ಇದೆ.

ಒಂದು ಮುಖ್ಯ ಮಾತು. ಮನೆಯ ತೊಟ್ಟಿಯಲ್ಲಿ ಕ್ಲೌನ್ ಮೀನನ್ನು ತಿನ್ನುವ ದೊಡ್ಡ ಮೀನು ಇರುವುದಿಲ್ಲ. ಆದ್ದರಿಂದ ಅದು ಅನಿಮೋನ್ ಇಲ್ಲದೆಯೂ ಆರೋಗ್ಯವಾಗಿ ಬದುಕುತ್ತದೆ. 'ನೀಮೋಗೆ ಮನೆ ಬೇಕಲ್ಲ' ಎಂಬ ಒಂದೇ ಕಾರಣಕ್ಕೆ ಅನಿಮೋನ್ ಕೊಳ್ಳಬಾರದು.

ಮೊದಲ ಆರು ತಿಂಗಳು: ತೊಟ್ಟಿ ಪಕ್ವವಾಗಲಿ

ಹೊಸ ತೊಟ್ಟಿಯ ನೀರು ಕಣ್ಣಿಗೆ ಶುದ್ಧವಾಗಿ ಕಾಣುತ್ತದೆ. ಆದರೆ ಜೀವಿಗೆ ಅದು ಇನ್ನೂ ತಯಾರಾಗಿರುವುದಿಲ್ಲ. ಮೀನಿನ ಮಲಮೂತ್ರ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಉಂಟಾಗುತ್ತದೆ. ಇದು ವಿಷ. ಕಲ್ಲು ಮತ್ತು ಮರಳಿನ ಮೇಲೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ವಿಷ ಕಡಿಮೆ, ಆದರೆ ಇದು ದಿನದಿನಕ್ಕೂ ಜಮೆಯಾಗುತ್ತಾ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಗಟ್ಟಿ ಮೀನುಗಳಿಗೆ ಅಷ್ಟು ಸಾಕು, ಅನಿಮೋನ್‌ಗೆ ಸಾಲದು. ಹೊಸ ತೊಟ್ಟಿಯಲ್ಲಿ ನೀರಿನ ಗುಣ ಏರುಪೇರಾಗುತ್ತಲೇ ಇರುತ್ತದೆ. ಅನಿಮೋನ್ ತಡೆಯಲಾರದ್ದು ಈ ಏರುಪೇರನ್ನೇ. ಆದ್ದರಿಂದ ಅನುಭವ ಇರುವವರೆಲ್ಲ ಕಡಿಮೆ ಎಂದರೆ ಆರು ತಿಂಗಳು ಕಾಯಲು ಹೇಳುತ್ತಾರೆ. ತೊಟ್ಟಿಯೂ ಆದಷ್ಟು ದೊಡ್ಡದಿರಲಿ. ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಬಾಯಿಗಿಡಲಾಗದು, ಒಂದು ಕೊಡಕ್ಕೆ ಹಾಕಿದರೆ ಗೊತ್ತೇ ಆಗದು. ಹಾಗೆಯೇ ನೀರು ಹೆಚ್ಚಿದ್ದರೆ ಸಣ್ಣ ತಪ್ಪುಗಳು ಅದರಲ್ಲಿ ಕರಗಿಹೋಗುತ್ತವೆ. 200 ಲೀಟರ್ ತೊಟ್ಟಿ ಒಳ್ಳೆಯ ಆರಂಭ.

ನೀರಿನ ಅಳತೆಗಳು

ಪ್ರತಿ ವಾರ ಅಳೆದು ಪುಸ್ತಕದಲ್ಲಿ ಬರೆಯಬೇಕಾದ ಅಂಶಗಳು ಇವು:

1. ಉಪ್ಪಿನ ಅಂಶ: ಒಂದು ಲೀಟರಿಗೆ ಸುಮಾರು 35 ಗ್ರಾಂ. ಮೀಟರಿನಲ್ಲಿ ಇದು 1.025ರಿಂದ 1.026 ಎಂದು ತೋರಿಸುತ್ತದೆ.
2. ಉಷ್ಣತೆ: 25ರಿಂದ 27 ಡಿಗ್ರಿ ಸೆಲ್ಸಿಯಸ್.
3. ಪಿಎಚ್: 8.1ರಿಂದ 8.4.
4. ಅಮೋನಿಯಾ: ಸೊನ್ನೆ.
5. ನೈಟ್ರೈಟ್: ಸೊನ್ನೆ.
6. ನೈಟ್ರೇಟ್: ಒಂದು ಲೀಟರಿಗೆ 10 ಮಿಲಿಗ್ರಾಂ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ.

ಅಡುಗೆ ಉಪ್ಪಿನಿಂದ ಈ ನೀರನ್ನು ಮಾಡಲಾಗದು. ಅಡುಗೆ ಉಪ್ಪು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ. ಕಡಲ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟಾಷಿಯಂ, ಸಲ್ಫೇಟ್ ಎಲ್ಲವೂ ಇವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಡಲ ಉಪ್ಪಿನ ಮಿಶ್ರಣವನ್ನೇ ಬಳಸಬೇಕು. ಬೆರೆಸುವ ನೀರು ಆರ್‌ಒ ನೀರಾಗಿರಲಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಬೇರೆ ಲವಣಗಳಿರುತ್ತವೆ. ತಾಮ್ರ ಅನಿಮೋನ್‌ಗೆ ವಿಷ. ಮೀನಿನ ರೋಗಕ್ಕೆ ಕೊಡುವ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಅವನ್ನು ಅನಿಮೋನ್ ಇರುವ ತೊಟ್ಟಿಗೆ ಎಂದೂ ಹಾಕಬಾರದು. ರೋಗ ಬಂದ ಮೀನನ್ನು ಬೇರೆ ತೊಟ್ಟಿಗೆ ತೆಗೆದು ಔಷಧಿ ಕೊಡಬೇಕು.

ಮೂರು ಲೆಕ್ಕಗಳು

ಇಲ್ಲಿ ನಮ್ಮ ಕಾಮರ್ಸ್ ವಿದ್ಯಾರ್ಥಿಗಳ ಕೆಲಸ ಶುರು. ತೊಟ್ಟಿಯಲ್ಲಿ 200 ಲೀಟರ್ ನೀರು ಇದೆ ಎಂದುಕೊಳ್ಳೋಣ.

ಲೆಕ್ಕ 1. ಎಷ್ಟು ಉಪ್ಪು ಬೇಕು?
200 × 35 = 7,000 ಗ್ರಾಂ, ಅಂದರೆ 7 ಕಿಲೋ. ಮಿಶ್ರಣದಲ್ಲಿ ಸ್ವಲ್ಪ ತೇವ ಇರುವುದರಿಂದ ತುಸು ಹೆಚ್ಚೇ ಬೇಕಾಗಬಹುದು. ಕೊನೆಯ ತೀರ್ಮಾನ ಮೀಟರಿನದ್ದು.

ಲೆಕ್ಕ 2. ನೀರು ಆವಿಯಾದರೆ ಏನು ಮಾಡಬೇಕು?
ಒಂದು ವಾರದಲ್ಲಿ 10 ಲೀಟರ್ ಆವಿಯಾಯಿತು ಎನ್ನೋಣ. ನೀರು ಹೋಯಿತು, ಉಪ್ಪು ಹೋಗಲಿಲ್ಲ. 7,000 ಗ್ರಾಂ ಉಪ್ಪು ಈಗ 190 ಲೀಟರಿನಲ್ಲಿದೆ. ಅಂದರೆ ಲೀಟರಿಗೆ 36.8 ಗ್ರಾಂ. 10 ಲೀಟರ್ ಸಿಹಿನೀರು ಹಾಕಿದರೆ ಮತ್ತೆ 35 ಗ್ರಾಂಗೆ ಬರುತ್ತದೆ. ಅದರ ಬದಲು ಉಪ್ಪುನೀರು ಹಾಕಿದರೆ ಪ್ರತಿ ಸಲ 350 ಗ್ರಾಂ ಉಪ್ಪು ಸೇರುತ್ತದೆ. ನಾಲ್ಕು ವಾರ ಹೀಗೇ ಮಾಡಿದರೆ ಒಟ್ಟು ಉಪ್ಪು 8,400 ಗ್ರಾಂ, ಲೀಟರಿಗೆ 42 ಗ್ರಾಂ. ಅನಿಮೋನ್ ಕುಗ್ಗಿ ಮುದುಡಲು ಇಷ್ಟು ಸಾಕು. ಉಪ್ಪು ಬಂಡವಾಳ ಇದ್ದಂತೆ, ತಾನಾಗಿ ಖರ್ಚಾಗುವುದಿಲ್ಲ. ಆವಿಯಾಗುವ ನೀರು ದಿನದ ಖರ್ಚು. ಖರ್ಚಾದದ್ದನ್ನು ಮಾತ್ರ ತುಂಬಬೇಕು.

ಲೆಕ್ಕ 3. ನೀರು ಬದಲಿಸಿದರೆ ನೈಟ್ರೇಟ್ ಎಷ್ಟು ಇಳಿಯುತ್ತದೆ?
ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಇದೆ. ಪ್ರತಿ ವಾರ ಶೇ. 20ರಷ್ಟು ನೀರು ತೆಗೆದು ಹೊಸ ಉಪ್ಪುನೀರು ಹಾಕುತ್ತೇವೆ. ಮೊದಲ ವಾರ 32, ಎರಡನೇ ವಾರ 25.6, ಮೂರನೇ ವಾರ 20.5, ನಾಲ್ಕನೇ ವಾರ 16.4. ಇದು ಇಳಿಯುವ ಶಿಲ್ಕಿನ ಮೇಲೆ ಸವಕಳಿ ಹಾಕುವ ಪದ್ಧತಿಯೇ! ಪ್ರತಿ ಸಲ ಶೇಕಡಾ ಅಷ್ಟೇ, ಆದರೆ ಮೊತ್ತ ಕಡಿಮೆಯಾಗುತ್ತಾ ಹೋಗುತ್ತದೆ, ಎಂದೂ ಸೊನ್ನೆ ಆಗುವುದಿಲ್ಲ.

ಆದರೆ ನಿಜವಾದ ತೊಟ್ಟಿಯಲ್ಲಿ ಪ್ರತಿ ವಾರ ಹೊಸ ನೈಟ್ರೇಟ್ ಕೂಡ ಸೇರುತ್ತದೆ. ವಾರಕ್ಕೆ 5 ಮಿಲಿಗ್ರಾಂ ಸೇರಿದರೆ ಶಿಲ್ಕು 20ಕ್ಕೆ ಬಂದು ನಿಲ್ಲುತ್ತದೆ. 20ಕ್ಕೆ 5 ಸೇರಿ 25, ಅದರಲ್ಲಿ ಶೇ. 20 ಕಳೆದರೆ ಮತ್ತೆ 20. ಎಷ್ಟು ವರ್ಷ ಬದಲಿಸಿದರೂ ಅದಕ್ಕಿಂತ ಕೆಳಗೆ ಇಳಿಯದು. ಆಹಾರ ಹಾಕುವುದನ್ನು ಹಿಡಿತದಲ್ಲಿಟ್ಟು, ವಾರಕ್ಕೆ 2 ಮಿಲಿಗ್ರಾಂ ಮಾತ್ರ ಸೇರುವಂತೆ ಮಾಡಿದರೆ ಶಿಲ್ಕು 8ಕ್ಕೆ ನಿಲ್ಲುತ್ತದೆ. ನೀರು ಬದಲಿಸುವುದು ಎಷ್ಟು ಮುಖ್ಯವೋ, ಕೊಳೆಯುವ ಆಹಾರ ಹಾಕದಿರುವುದೂ ಅಷ್ಟೇ ಮುಖ್ಯ ಎಂದು ಈ ಲೆಕ್ಕ ತೋರಿಸುತ್ತದೆ.

ಬೆಳಕು, ಹರಿವು ಮತ್ತು ಜಾಗ

ಹವಳದ ತೊಟ್ಟಿಗೆಂದೇ ಮಾಡಿದ ಎಲ್‌ಇಡಿ ದೀಪವನ್ನು ದಿನಕ್ಕೆ 8ರಿಂದ 10 ಗಂಟೆ ಉರಿಸಬೇಕು. ಟೈಮರ್ ಹಾಕಿದರೆ ಒಳ್ಳೆಯದು. ಹೊಸ ಅನಿಮೋನ್ ತಂದಾಗ ಬೆಳಕನ್ನು ಮಂದವಾಗಿಟ್ಟು ಕೆಲವು ವಾರಗಳಲ್ಲಿ ಮೆಲ್ಲಗೆ ಹೆಚ್ಚಿಸಬೇಕು.

ನೀರು ಹರಿಯುತ್ತಿರಬೇಕು. ಹರಿವು ಉಸಿರಾಟಕ್ಕೆ ಗಾಳಿ ತರುತ್ತದೆ, ಕಸವನ್ನು ಕೊಂಡೊಯ್ಯುತ್ತದೆ. ಆದರೆ ಪಂಪಿನ ಬಾಯಿಗೆ ಸ್ಪಂಜು ಅಥವಾ ಜಾಲರಿ ಹಾಕಲೇಬೇಕು. ಜಾಗ ಹುಡುಕಿಕೊಂಡು ಹೊರಟ ಅನಿಮೋನ್ ಪಂಪಿಗೆ ಸಿಕ್ಕಿ ಚೂರುಚೂರಾಗುವುದು ಮನೆಯ ತೊಟ್ಟಿಗಳಲ್ಲಿ ಆಗಾಗ ನಡೆಯುವ ದುರಂತ. ಅದರ ಚೂರುಗಳು ನೀರನ್ನೆಲ್ಲ ಕೆಡಿಸಿ ಮೀನುಗಳನ್ನೂ ಕೊಲ್ಲಬಲ್ಲವು.

ಅನಿಮೋನ್ ಎಲ್ಲಿ ಕೂರಬೇಕೆಂದು ನಾವು ತೀರ್ಮಾನಿಸಲಾಗದು. ಕಲ್ಲಿನ ಸಂದಿಯ ಹತ್ತಿರ ಬಿಟ್ಟರೆ ಪಾದ ಊರಲು ಅದೇ ಜಾಗ ಆರಿಸಿಕೊಳ್ಳುತ್ತದೆ. ಅಂಟಿಕೊಂಡ ಮೇಲೆ ಕಿತ್ತು ಬೇರೆ ಕಡೆ ಇಡಬಾರದು. ಹರಿದ ಪಾದ ವಾಸಿಯಾಗುವುದು ಕಷ್ಟ. ಪದೇ ಪದೇ ಜಾಗ ಬದಲಿಸುತ್ತಿದ್ದರೆ ಬೆಳಕು, ಹರಿವು ಅಥವಾ ನೀರು ಅದಕ್ಕೆ ಹಿಡಿಸಿಲ್ಲ ಎಂದು ತಿಳಿಯಬೇಕು.

ನಮ್ಮ ರಾಜ್ಯದಲ್ಲಿ ತೊಟ್ಟಿಗೆ ಚಳಿಗಿಂತ ಸೆಕೆಯ ಕಾಟ ಹೆಚ್ಚು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತೊಟ್ಟಿಯ ನೀರನ್ನು 27 ಡಿಗ್ರಿಯಲ್ಲಿ ಇಡುವುದು ಸುಲಭವಲ್ಲ. ನೀರಿನ ಮೇಲೆ ಸಣ್ಣ ಫ್ಯಾನ್ ಹಾಕಿದರೆ ಮಣ್ಣಿನ ಹೂಜಿಯ ನೀರು ತಂಪಾಗುವಂತೆ ಸ್ವಲ್ಪ ತಂಪಾಗುತ್ತದೆ. ಆಗ ಆವಿಯಾಗುವ ನೀರೂ ಹೆಚ್ಚು, ಆದ್ದರಿಂದ ಲೆಕ್ಕ 2 ಮರೆಯಬಾರದು. ಅದೂ ಸಾಲದಿದ್ದರೆ ಚಿಲ್ಲರ್ ಯಂತ್ರವೇ ಬೇಕು.

ಕರೆಂಟ್ ಹೋದಾಗ ಬ್ಯಾಟರಿಯ ಗಾಳಿ ಪಂಪ್ ಕೈಗೆ ಸಿಗುವಂತಿರಲಿ. ಅದೂ ಇಲ್ಲದಿದ್ದರೆ ಮಗ್ಗಿನಿಂದ ನೀರೆತ್ತಿ ಸ್ವಲ್ಪ ಎತ್ತರದಿಂದ ತೊಟ್ಟಿಗೇ ಸುರಿಯುತ್ತಿರಬೇಕು. ಇದು ಹಳೆಯ ಉಪಾಯ. 1846ರಲ್ಲಿ ಆನಾ ಥೈನ್ ಎಂಬ ಮಹಿಳೆ ಟಾರ್ಕಿ ಎಂಬ ಕಡಲ ಊರಿನಿಂದ ಲಂಡನ್ನಿನ ತಮ್ಮ ಮನೆಗೆ ಜೀವಂತ ಹವಳಗಳನ್ನು ತಂದಿದ್ದರು. ಅವರ ಮನೆಗೆಲಸದ ಹೆಣ್ಣುಮಗಳು ತೆರೆದ ಕಿಟಕಿಯ ಬಳಿ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಸುರಿದು ಗಾಳಿ ಬೆರೆಸುತ್ತಿದ್ದಳು. ಹವಳ ಬದುಕಿದ್ದು ಆಕೆಯ ತೋಳಿನ ಬಲದಿಂದ.

ಊಟ

ಆಹಾರದ ದೊಡ್ಡ ಪಾಲು ಬೆಳಕಿನಿಂದಲೇ ಬರುತ್ತದೆ. ವಾರಕ್ಕೆ ಒಂದು ಅಥವಾ ಎರಡು ಸಲ ಸಿಗಡಿ ಇಲ್ಲವೇ ಮೀನಿನ ಚಿಕ್ಕ ತುಂಡು ಸಾಕು. ತುಂಡು ಅದರ ಬಾಯಿಗಿಂತ ದೊಡ್ಡದಿರಬಾರದು. ಉಪ್ಪು, ಅರಿಶಿನ, ಮಸಾಲೆ ಸೋಕಿದ ತುಂಡು ಕೂಡದು. ಉದ್ದದ ಚಿಮಟದಲ್ಲಿ ಹಿಡಿದು ಎಳೆಗಳಿಗೆ ಮುಟ್ಟಿಸಿದರೆ ಅದೇ ಬಾಯಿಗೆ ಒಯ್ಯುತ್ತದೆ. ತುಂಡನ್ನು ಉಗುಳಿದರೆ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಅದು ಅಮೋನಿಯಾ ಆಗುತ್ತದೆ. ತೊಟ್ಟಿಗೆ ಕೈ ಹಾಕುವ ಮುನ್ನ ಸೋಪು, ಎಣ್ಣೆ, ಅತ್ತರು ಕೈಯಲ್ಲಿ ಇಲ್ಲದಂತೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಕುಟುಕಿನಿಂದ ಕೆಲವರಿಗೆ ಅಲರ್ಜಿ ಆಗುವುದರಿಂದ ಕೈಗವಸು ಹಾಕುವುದು ಕ್ಷೇಮ.

ಕೊಳ್ಳುವಾಗ ಏನು ನೋಡಬೇಕು?

ಹೊಸಬರಿಗೆ ಸೂಕ್ತವಾದ ಜಾತಿ ಬಬಲ್ ಟಿಪ್ ಅನಿಮೋನ್. ಇದರ ಎಳೆಗಳ ತುದಿ ಗುಳ್ಳೆಯಂತೆ ಉಬ್ಬಿರುತ್ತದೆ. ಕೆಂಪು ಸಮುದ್ರದಿಂದ ಪೆಸಿಫಿಕ್ ಸಾಗರದವರೆಗೆ ಇದು ಸಿಗುತ್ತದೆ. ಹಜ್‌ಗೆ ಹೋದವರು ಇಳಿಯುವ ಜಿದ್ದಾ ನಗರ ಇರುವುದು ಇದೇ ಕೆಂಪು ಸಮುದ್ರದ ದಡದಲ್ಲಿ. ಈ ಜಾತಿ ಚೆನ್ನಾಗಿ ಬೆಳೆದಾಗ ತಾನೇ ಎರಡಾಗಿ ಸೀಳಿ ಎರಡು ಅನಿಮೋನ್ ಆಗುತ್ತದೆ. ಹೀಗೆ ತೊಟ್ಟಿಯಲ್ಲೇ ಹುಟ್ಟಿದ್ದನ್ನು ಕೇಳಿ ಕೊಳ್ಳುವುದು ಎರಡು ರೀತಿಯಲ್ಲಿ ಒಳ್ಳೆಯದು. ಅದಕ್ಕೆ ತೊಟ್ಟಿಯ ಬದುಕು ರೂಢಿಯಾಗಿರುತ್ತದೆ. ಕಡಲಿನಿಂದ ಒಂದು ಪ್ರಾಣಿ ಕಡಿಮೆಯಾಗುವುದೂ ತಪ್ಪುತ್ತದೆ. ಫಿಲಿಪ್ಪೀನ್ಸ್ ದೇಶದಲ್ಲಿ ಅಕ್ವೇರಿಯಂ ವ್ಯಾಪಾರಕ್ಕೆಂದು ಅನಿಮೋನ್ ಹಿಡಿಯುವ ಕಡೆಗಳಲ್ಲಿ, ಹಿಡಿಯದ ಕಡೆಗಳಿಗಿಂತ ಅನಿಮೋನ್‌ಗಳೂ ಕ್ಲೌನ್ ಮೀನುಗಳೂ ಕಡಿಮೆ ಇರುವುದನ್ನು ಸಂಶೋಧಕರು ಕಂಡಿದ್ದಾರೆ. ಕಾರ್ಪೆಟ್ ಅನಿಮೋನ್ ಮತ್ತು ಮ್ಯಾಗ್ನಿಫಿಸೆಂಟ್ ಅನಿಮೋನ್ ನೋಡಲು ಬಹಳ ಚಂದ, ಆದರೆ ಹೊಸಬರಿಗೆ ಅಲ್ಲ.

ಆರೋಗ್ಯವಾದ ಅನಿಮೋನಿನ ಗುರುತುಗಳು: ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ. ಪಾದ ಗಟ್ಟಿಯಾಗಿ ಅಂಟಿರುತ್ತದೆ, ಗಾಯ ಇರುವುದಿಲ್ಲ. ಎಳೆಗಳು ಮುಟ್ಟಿದ್ದಕ್ಕೆ ಅಂಟಿಕೊಳ್ಳುತ್ತವೆ. ಬಣ್ಣ ತುಂಬಿರುತ್ತದೆ.

ಒಂದು ಮೋಸದ ಬಗ್ಗೆ ಎಚ್ಚರ ಬೇಕು. ಬೆಳ್ಳಗಾದ ಅನಿಮೋನ್‌ಗಳಿಗೆ ಢಾಳಾದ ಹಳದಿ, ಗುಲಾಬಿ, ನೇರಳೆ ಬಣ್ಣ ಹಾಕಿ ಮಾರುವುದು ಈ ವ್ಯಾಪಾರದಲ್ಲಿ ಇದೆ. ಕೆಲವು ವಾರಗಳಲ್ಲಿ ಬಣ್ಣ ಇಳಿಯುತ್ತದೆ, ಒಳಗೆ ಪಾಚಿ ಇಲ್ಲದ ಹಸಿದ ಪ್ರಾಣಿ ಉಳಿಯುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಸರಕಿನ ಗುಣದ ಬಗ್ಗೆ ತಿಳಿಯುವುದು ಗ್ರಾಹಕರ ಹಕ್ಕು ಎಂದು ನಾವು ಓದುತ್ತೇವೆ. ಎಲ್ಲಿಂದ ಬಂತು, ಎಷ್ಟು ದಿನದಿಂದ ಅಂಗಡಿಯಲ್ಲಿದೆ, ಏನು ತಿನ್ನುತ್ತಿದೆ ಎಂದು ಕೇಳಿ, ಬಿಲ್ ಪಡೆಯಿರಿ. ಕೊಂಡ ಕೂಡಲೇ ತೊಟ್ಟಿಗೆ ಹಾಕದೆ, ತೊಟ್ಟಿಯ ನೀರನ್ನು ಅದರ ಪಾತ್ರೆಗೆ ಹನಿಹನಿಯಾಗಿ ಬೆರೆಸಿ ಒಗ್ಗಿಸಿ.

ದಡದಿಂದ ಹವಳ ಅಥವಾ ಹವಳ ಬೆಳೆದ ಕಲ್ಲನ್ನು ಎತ್ತಿ ತರುವುದು ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳ, ಕಡಲ ಕುದುರೆ, ಕಡಲ ಸೌತೆ ರಕ್ಷಿತ ಜೀವಿಗಳು.

ಕಾಯಿಲೆಯ ಗುರುತುಗಳು

ಅನಿಮೋನ್ ಆಗಾಗ ಮುದುಡಿ ಚಿಕ್ಕದಾಗುವುದು ಸಹಜ. ಮೈಯೊಳಗಿನ ನೀರನ್ನೂ ಕಸವನ್ನೂ ಹೊರಹಾಕಿ, ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ಇದಕ್ಕೆ ಹೆದರಬೇಕಿಲ್ಲ. ಬಬಲ್ ಟಿಪ್‌ನ ಗುಳ್ಳೆಗಳು ಮಾಯವಾಗಿ ಎಳೆಗಳು ಉದ್ದವಾಗುವುದೂ ರೋಗವಲ್ಲ.

ಹೆದರಬೇಕಾದದ್ದು ಇವಕ್ಕೆ: ದಿನಗಟ್ಟಲೆ ಮುದುಡಿಯೇ ಇರುವುದು, ಬಾಯಿ ಬಿಟ್ಟುಕೊಂಡು ಒಳಭಾಗ ಹೊರಗೆ ಕಾಣುವುದು, ಪಾದ ಬಿಟ್ಟು ತೇಲುವುದು, ಬೆಳ್ಳಗಾಗುವುದು. ಆಗ ಮೊದಲು ನೀರಿನ ಆರು ಅಳತೆಗಳನ್ನು ನೋಡಬೇಕು. ಏರುಪೇರು ಕಂಡರೆ ಒಮ್ಮೆಗೇ ಸರಿಮಾಡಲು ಹೋಗದೆ, ಸ್ವಲ್ಪ ಸ್ವಲ್ಪ ನೀರು ಬದಲಿಸಬೇಕು. ಬೆಳ್ಳಗಾದ ಅನಿಮೋನ್ ಒಳ್ಳೆಯ ನೀರು, ಹದವಾದ ಬೆಳಕು, ಸಣ್ಣ ಸಣ್ಣ ತುತ್ತುಗಳಿಂದ ತಿಂಗಳುಗಳಲ್ಲಿ ಚೇತರಿಸಿಕೊಳ್ಳಬಹುದು. ಮೈ ಕರಗಿ ಎಳೆಎಳೆಯಾಗಿ ಬಿಡುತ್ತಿದ್ದು, ಕೊಳೆತ ವಾಸನೆ ಬಂದರೆ ಅದು ಸತ್ತಿದೆ. ಆ ಕ್ಷಣವೇ ಹೊರತೆಗೆದು ನೀರು ಬದಲಿಸಬೇಕು.

ಖರ್ಚಿನ ಪಟ್ಟಿ

ತೊಟ್ಟಿ, ಸ್ಟ್ಯಾಂಡ್, ದೀಪ, ಪಂಪ್, ಮೀಟರ್, ಕಲ್ಲು ಇವು ಬಂಡವಾಳ ವೆಚ್ಚ. ಉಪ್ಪು, ಆರ್‌ಒ ನೀರು, ಪರೀಕ್ಷೆಯ ಕಿಟ್, ಆಹಾರ, ಕರೆಂಟ್ ಇವು ರಾಜಸ್ವ ವೆಚ್ಚ. ಅಂಗಡಿಯಲ್ಲಿ ನಮಗೆ ಕಾಣುವುದು ಮೊದಲನೆಯದು. ವರ್ಷಗಟ್ಟಲೆ ಕೊಡಬೇಕಾದದ್ದು ಎರಡನೆಯದು. ಉದಾಹರಣೆಗೆ 100 ವ್ಯಾಟ್ ದೀಪ ದಿನಕ್ಕೆ 10 ಗಂಟೆ ಉರಿದರೆ 1 ಯೂನಿಟ್. 20 ವ್ಯಾಟ್ ಪಂಪ್ 24 ಗಂಟೆ ನಡೆದರೆ 0.48 ಯೂನಿಟ್. ತಿಂಗಳಿಗೆ ಒಟ್ಟು 44.4 ಯೂನಿಟ್. ಚಿಲ್ಲರ್ ಇದಕ್ಕೆ ಸೇರಿಲ್ಲ. ವಾರಕ್ಕೆ 40 ಲೀಟರ್ ನೀರು ಬದಲಿಸಿದರೆ 1.4 ಕಿಲೋ ಉಪ್ಪು, ವರ್ಷದ 52 ವಾರಕ್ಕೆ ಸುಮಾರು 73 ಕಿಲೋ. ನಿಮ್ಮ ಊರಿನ ದರಗಳನ್ನು ಹಾಕಿ, ಮನೆಯ ಹಿರಿಯರ ಎದುರು ಕುಳಿತು ಮೊತ್ತ ಕಟ್ಟಿ ನೋಡಿ.

ಹಾಗಾದರೆ ಕೊಳ್ಳಬೇಕೇ?

ಪಿಯುಸಿ ಎರಡು ವರ್ಷ. ಆಮೇಲೆ ನಮ್ಮಲ್ಲಿ ಕೆಲವರು ಬೇರೆ ಊರಿನ ಹಾಸ್ಟೆಲ್‌ಗೆ ಹೋಗುತ್ತೇವೆ, ಕೆಲವರು ಕೆಲಸಕ್ಕೆ ಸೇರುತ್ತೇವೆ. ಅನಿಮೋನಿನ ಆಯುಸ್ಸು ದಶಕಗಳ ಲೆಕ್ಕದ್ದು. ನಾವು ಹೋದ ಮೇಲೆ ನೀರು ಬದಲಿಸುವವರು ಯಾರು? ಅಮ್ಮಿ? ತಮ್ಮ? ಅವರು ಒಪ್ಪಿದ್ದಾರೆಯೇ?

ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ನಮ್ಮ ವಶಕ್ಕೆ ಒಪ್ಪಿಸಿದ ವಸ್ತು. ಅದು ನಮ್ಮ ಸ್ವತ್ತಲ್ಲ, ಅದಕ್ಕೆ ಲೆಕ್ಕ ಕೊಡಬೇಕು. ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ಕೆಲಸದಿಂದ ತಡೆಹಿಡಿದದ್ದು. ಪದ ಒಂದೇ, ಅರ್ಥ ಬೇರೆ ದಾರಿ ಹಿಡಿದಿದೆ. ಸಾಕುಪ್ರಾಣಿಯ ವಿಷಯದಲ್ಲಿ ಹಳೆಯ ಅರ್ಥವೇ ಸರಿ. ಬೆಕ್ಕನ್ನು ಕೂಡಿಹಾಕಿ, ಊಟವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಗೆ ಶಿಕ್ಷೆಯಾಯಿತು ಎಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ ಮಾತು ಸಹೀಹ್ ಬುಖಾರಿಯಲ್ಲಿದೆ. ಬೆಕ್ಕಾದರೂ ಹಸಿವಾದಾಗ ಕೂಗುತ್ತದೆ. ಅನಿಮೋನ್ ಕೂಗುವುದಿಲ್ಲ. ಅದರ ದೂರು ಬರುವುದು ಮೀಟರಿನ ಅಂಕೆಗಳಲ್ಲಿ ಮಾತ್ರ. ಅಂಕೆ ಓದದವರಿಗೆ ಅದು ಕೇಳಿಸುವುದೇ ಇಲ್ಲ.

ಆದ್ದರಿಂದ ಒಂದು ಪರೀಕ್ಷೆ ಹೇಳುತ್ತೇನೆ. ಮೊದಲು ಉಪ್ಪುನೀರಿನ ತೊಟ್ಟಿ ಮಾಡಿ, ತೊಟ್ಟಿ ಪಕ್ವವಾದ ಮೇಲೆ ಒಂದು ಜೋಡಿ ಕ್ಲೌನ್ ಮೀನು ಬಿಡಿ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ, ಆದ್ದರಿಂದ ಕಡಲಿನಿಂದ ಹಿಡಿದ ಮೀನನ್ನೇ ಕೊಳ್ಳಬೇಕಾಗಿಲ್ಲ. ಆರು ತಿಂಗಳು, ಪರೀಕ್ಷೆಯ ವಾರವೂ ಸೇರಿ, ಒಂದು ವಾರವೂ ಬಿಡದೆ ಆರು ಅಳತೆಗಳನ್ನು ಬರೆಯಿರಿ. ಪುಸ್ತಕದಲ್ಲಿ ಖಾಲಿ ಪುಟ ಇಲ್ಲದಿದ್ದರೆ ಅನಿಮೋನ್ ಕೊಳ್ಳಿ. ಖಾಲಿ ಪುಟಗಳಿದ್ದರೆ ಮೀನುಗಳೊಂದಿಗೇ ಸಂತೋಷವಾಗಿರಿ. ತೊಟ್ಟಿಯೇ ಬೇಡ ಎನ್ನುವವರು ಕರಾವಳಿಗೆ ಹೋದಾಗ ಕಾರವಾರದಿಂದ ಸೋಮೇಶ್ವರದವರೆಗೆ ಬಂಡೆಗಳಿರುವ ದಡಗಳಲ್ಲಿ, ಇಳಿತದ ಹೊತ್ತಿನಲ್ಲಿ, ನೀರು ನಿಂತ ಗುಂಡಿಗಳನ್ನು ಬಗ್ಗಿ ನೋಡಿ. ಚಿಕ್ಕ ಅನಿಮೋನ್‌ಗಳು ಅರಳಿರುತ್ತವೆ. ನೋಡಿ, ಕೀಳಬೇಡಿ. ಅಲ್ಲಿ ನೀರು ಬದಲಿಸುವ ಕೆಲಸವನ್ನು ಕಡಲೇ ದಿನಕ್ಕೆ ಎರಡು ಸಲ ಮಾಡುತ್ತದೆ.

ನೆನಪಿಡಬೇಕಾದ ಅಂಶಗಳು

1. ಅನಿಮೋನ್ ಪ್ರಾಣಿ. ಅದರ ಆರೋಗ್ಯ ಅಂದರೆ ನೀರಿನ ಆರೋಗ್ಯ.
2. ತೊಟ್ಟಿಗೆ ಆರು ತಿಂಗಳಾಗುವ ಮುನ್ನ ತರಬಾರದು.
3. ಆವಿಯಾದ ನೀರಿಗೆ ಸಿಹಿನೀರು, ಬದಲಿಸಿದ ನೀರಿಗೆ ಉಪ್ಪುನೀರು.
4. ಪಂಪಿನ ಬಾಯಿಗೆ ಸ್ಪಂಜು, ತೊಟ್ಟಿಗೆ ತಾಮ್ರದ ಔಷಧಿ ಬೇಡ.
5. ಢಾಳಾದ ಬಣ್ಣಕ್ಕೆ ಮರುಳಾಗಬಾರದು.
6. ವಾರದ ಅಳತೆಗಳನ್ನು ಬರೆದಿಡಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

1. 150 ಲೀಟರ್ ತೊಟ್ಟಿಯಿಂದ 6 ಲೀಟರ್ ನೀರು ಆವಿಯಾದರೆ ಉಪ್ಪಿನ ಅಂಶ ಲೀಟರಿಗೆ ಎಷ್ಟಾಗುತ್ತದೆ? (ಮೊದಲು 35 ಗ್ರಾಂ ಇತ್ತು.)
2. ವಾರಕ್ಕೆ 3 ಮಿಲಿಗ್ರಾಂ ನೈಟ್ರೇಟ್ ಸೇರುವ ತೊಟ್ಟಿಯಲ್ಲಿ ಪ್ರತಿ ವಾರ ಶೇ. 25ರಷ್ಟು ನೀರು ಬದಲಿಸಿದರೆ ಶಿಲ್ಕು ಎಷ್ಟಕ್ಕೆ ನಿಲ್ಲುತ್ತದೆ?
3. ನೀವು ಹಾಸ್ಟೆಲ್‌ಗೆ ಹೋದರೆ ನಿಮ್ಮ ಮನೆಯಲ್ಲಿ ಈ ಪುಸ್ತಕವನ್ನು ಯಾರು ಬರೆಯುತ್ತಾರೆ? ಅವರನ್ನು ಕೇಳಿ ಉತ್ತರಿಸಿ.

ಮೊದಲ ಎರಡು ಪ್ರಶ್ನೆಗಳ ಉತ್ತರ: 36.5 ಗ್ರಾಂ, 9 ಮಿಲಿಗ್ರಾಂ. ಮೂರನೆಯದಕ್ಕೆ ನಿಮ್ಮ ಮನೆಯಲ್ಲೇ ಉತ್ತರ ಸಿಗಬೇಕು.